ಪ್ಯಾಟರ್ನ್ ಇಲ್ಲದೆ, ಬರೀ ಫೋಟೋ ನೋಡಿಕೊಂಡು ಕಾರ್ಡಿಗನ್ ಹೆಣೆಯುವುದು ಹೇಗೆ?

ಅಕ್ಕನ ಮಗಳು ಒಂದು ರಾತ್ರಿ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದಳು. ಕೆನೆ ಬಣ್ಣದ ದಪ್ಪ ಕಾರ್ಡಿಗನ್. ವಿ ಕುತ್ತಿಗೆ, ಭುಜದಿಂದ ಕೆಳಗೆ ಜಾರಿದಂತಿರುವ ತೋಳಿನ ಹೊಲಿಗೆ, ಮುಂಗೈ ಹತ್ತಿರ ಬಲೂನಿನಂತೆ ಉಬ್ಬಿದ ತೋಳು, ಐದು ದೊಡ್ಡ ಬಟನ್. ಕೆಳಗೆ ಒಂದೇ ಸಾಲು: "ಚಿಕ್ಕಿ, ಇದನ್ನ ಹೆಣೆದು ಕೊಡ್ತೀಯಾ?" ಬೆಲೆ ನೋಡಿದ ಮೇಲೆ ಅವಳು ಅಂಗಡಿ ಬಿಟ್ಟು ನನ್ನನ್ನು ಯಾಕೆ ಕೇಳಿದಳು ಅಂತ ಅರ್ಥವಾಯಿತು.

ಪ್ಯಾಟರ್ನ್ ಹುಡುಕಿದೆ, ಸಿಗಲಿಲ್ಲ. ಹತ್ತಿರಹತ್ತಿರದ್ದು ನಾಲ್ಕೈದು ಸಿಕ್ಕವು, ಆದರೆ ಒಂದರಲ್ಲಿ ಕುತ್ತಿಗೆ ಬೇರೆ, ಇನ್ನೊಂದರಲ್ಲಿ ತೋಳು ಬೇರೆ. ಕೊನೆಗೆ ಪ್ಯಾಟರ್ನ್ ಆಸೆ ಬಿಟ್ಟು ಫೋಟೋವನ್ನೇ ದೊಡ್ಡದು ಮಾಡಿ ನೋಡುತ್ತಾ ಕೂತೆ. ನೋಡಿದರೆ ಬೇಕಾದ ಲೆಕ್ಕವೆಲ್ಲ ಅದರೊಳಗೇ ಇತ್ತು.

ಇದು ನಾನು ಕಂಡುಹಿಡಿದ ವಿದ್ಯೆಯೇನಲ್ಲ. 2020ರ ಫೆಬ್ರವರಿಯಲ್ಲಿ ಗಾಯಕ ಹ್ಯಾರಿ ಸ್ಟೈಲ್ಸ್ ಅಮೆರಿಕದ ಒಂದು ಟಿವಿ ಕಾರ್ಯಕ್ರಮದ ರಿಹರ್ಸಲ್‌ಗೆ ಬಣ್ಣಬಣ್ಣದ ಚೌಕಗಳ ಕಾರ್ಡಿಗನ್ ಹಾಕಿಕೊಂಡು ಬಂದಿದ್ದ. ಜೆ.ಡಬ್ಲ್ಯೂ. ಆಂಡರ್ಸನ್ ಎಂಬ ಬ್ರಿಟಿಷ್ ಬ್ರ್ಯಾಂಡ್‌ನದು, ಬೆಲೆ ಸಾವಿರ ಪೌಂಡಿಗೂ ಮೇಲೆ. ಆಮೇಲೆ ಲಾಕ್‌ಡೌನ್ ಬಂತು. ಮನೆಯಲ್ಲಿ ಕೂತ ಹುಡುಗ ಹುಡುಗಿಯರು ಫೋಟೋ ನೋಡಿಕೊಂಡು ಚೌಕ ಎಣಿಸಿ ಅದನ್ನು ಹೆಣೆದು ಟಿಕ್‌ಟಾಕ್‌ನಲ್ಲಿ ಹಾಕತೊಡಗಿದರು. ಆ ಹುಚ್ಚು ಎಷ್ಟು ಹಬ್ಬಿತೆಂದರೆ ಜುಲೈನಲ್ಲಿ ಕಂಪನಿಯೇ ಪ್ಯಾಟರ್ನ್ ಅನ್ನು ಪುಕ್ಕಟೆ ಕೊಟ್ಟಿತು, ಅದೇ ವರ್ಷ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಆ ಕಾರ್ಡಿಗನ್ ಅನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಪ್ಯಾಟರ್ನ್ ಬಂದದ್ದು ಕೊನೆಯಲ್ಲಿ. ಅಷ್ಟರಲ್ಲಿ ಎಷ್ಟೋ ಜನ ಹೆಣೆದು, ಹಾಕಿಕೊಂಡು, ಒಗೆದೂ ಆಗಿತ್ತು.

ನಿಮಗೆ ಸೀದಾ, ಉಲ್ಟಾ, ಸ್ಟಿಚ್ ಹಾಕಿಕೊಳ್ಳುವುದು, ಮುಚ್ಚುವುದು, ಹೆಚ್ಚಿಸುವುದು, ಇಳಿಸುವುದು ಇಷ್ಟು ಬಂದರೆ ಸಾಕು. ಸೀದಾ ಅಂದರೆ ನಿಟ್, ಉಲ್ಟಾ ಅಂದರೆ ಪರ್ಲ್. ಒಂದು ಮಫ್ಲರ್ ಅಥವಾ ಮಗುವಿನ ಟೋಪಿ ಹೆಣೆದಿದ್ದರೆ ಧೈರ್ಯವಾಗಿ ಶುರು ಮಾಡಿ.

ಮೊದಲು ಫೋಟೋ ಓದಿ

ಒಂದೇ ಫೋಟೋ ಸಾಲದು. ಮುಂಭಾಗ, ಬೆನ್ನು, ಪಕ್ಕ, ಸಾಧ್ಯವಾದರೆ ಬಟ್ಟೆಯ ಕ್ಲೋಸಪ್. ಅಂಗಡಿ ಪುಟಗಳಲ್ಲಿ ಸಾಮಾನ್ಯವಾಗಿ ನಾಲ್ಕೈದು ಇರುತ್ತವೆ, ಎಲ್ಲವನ್ನೂ ಉಳಿಸಿಕೊಳ್ಳಿ. ಸ್ಟಾಕ್ ಮುಗಿದ ದಿನ ಆ ಪುಟವೇ ಮಾಯವಾಗುತ್ತದೆ.

ಮೊದಲು ಭುಜ ನೋಡಿ. ತೋಳು ಮೈಗೆ ಸೇರುವ ಗೆರೆ ಎಲ್ಲಿದೆ? ಭುಜದ ಮೂಳೆಯಿಂದ ಕೆಳಗೆ, ತೋಳಿನ ಮೇಲೆ ಇದ್ದರೆ ಅದು ಡ್ರಾಪ್ ಶೋಲ್ಡರ್. ಹೀಗಿದ್ದರೆ ನಿಮ್ಮ ಅದೃಷ್ಟ, ಇಡೀ ಉಡುಪು ಹೆಚ್ಚುಕಡಿಮೆ ಆಯತಗಳಿಂದ ಆಗಿದೆ ಅಂತ ಲೆಕ್ಕ. ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಗೆರೆ ಓಡಿದ್ದರೆ ಅದು ರ‍್ಯಾಗ್ಲಾನ್. ಗೆರೆ ಸರಿಯಾಗಿ ಭುಜದ ತುದಿಯಲ್ಲಿ ಬಾಗಿ ಕಂಕುಳಿಗೆ ಇಳಿದಿದ್ದರೆ ಸೆಟ್-ಇನ್ ತೋಳು. ಅದು ಮೊದಲ ಪ್ರಯತ್ನಕ್ಕೆ ಬೇಡ, ಸುಮ್ನೆ ತಲೆನೋವು.

ಆಮೇಲೆ ಬಟ್ಟೆ. ಒಂದರ ಮೇಲೊಂದು ವಿ ವಿ ವಿ ಅಂತ ಜೋಡಿಸಿದಂತೆ ಕಂಡರೆ ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹೆಣೆದದ್ದು. ಅಡ್ಡಡ್ಡ ಏರಿಳಿತದ ಗೆರೆ ಕಂಡರೆ ಎಲ್ಲ ಸಾಲೂ ಸೀದಾ. ನೆಟ್ಟಗೆ ನಿಂತ ಕಂಬಗಳು ಕಂಡರೆ ರಿಬ್. ಕಂಬ ಒಂದು ವಿ ಅಗಲವೋ ಎರಡೋ ಎಣಿಸಿ, ಇದರಿಂದ ಒಂದು-ಒಂದು ರಿಬ್ಬೋ ಎರಡು-ಎರಡು ರಿಬ್ಬೋ ಗೊತ್ತಾಗುತ್ತದೆ. ಉಲ್ಲನ್ನಿನ ಮೇಲೆ ಮಂಜು ಕವಿದಂತೆ ನವಿರಾದ ಕೂದಲು ಕಂಡರೆ ಅದರಲ್ಲಿ ಮೊಹೇರ್ ಎಂಬ ಮೇಕೆ ಕೂದಲಿನ ನೂಲು ಇದೆ, ಅಥವಾ ಉಜ್ಜಿ ಎಬ್ಬಿಸಿದ ನೂಲು.

ನಮ್ಮ ಫೋಟೋದಲ್ಲಿ ಡ್ರಾಪ್ ಶೋಲ್ಡರ್, ಮೈಯೆಲ್ಲಾ ವಿ, ಅಂಚು ಮತ್ತು ಮುಂಗೈಗೆ ಎರಡು-ಎರಡು ರಿಬ್, ಅಂದರೆ ಎರಡು ಸೀದಾ ಎರಡು ಉಲ್ಟಾ. ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಪಕ್ಕದಲ್ಲಿ ಒಂದು ಒಡ್ಡೊಡ್ಡ ಚಿತ್ರ ಬಿಡಿಸಿ: ಬೆನ್ನು ಒಂದು, ಮುಂಭಾಗ ಎರಡು, ತೋಳು ಎರಡು. ಇನ್ನು ಮುಂದೆ ಬರುವ ಪ್ರತಿ ಅಂಕಿಯೂ ಈ ಚಿತ್ರದ ಮೇಲೆ ಕೂರಬೇಕು.

ಫೋಟೋದಿಂದ ಅಳತೆ ತೆಗೆಯುವುದು

ಅಂಗಡಿ ಪುಟದಲ್ಲಿ ಮಾಡೆಲ್ ಎತ್ತರ ಕೊಟ್ಟಿರುತ್ತಾರೆ. ಅದೇ ನಮ್ಮ ಸ್ಕೇಲ್. ಇಲ್ಲಿ 175 ಸೆಂ.ಮೀ. ಅಂತ ಇತ್ತು. ಪೂರ್ತಿ ಆಕೃತಿ ಕಾಣುವ ಫೋಟೋವನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿ, ಮಗನ ಜಾಮಿಟ್ರಿ ಬಾಕ್ಸಿನ ಸ್ಕೇಲ್ ತೆರೆಯ ಮೇಲೆ ಇಟ್ಟೆ. ತಲೆಯಿಂದ ಕಾಲಿನವರೆಗೆ 14 ಸೆಂ.ಮೀ. ಅಂದರೆ ತೆರೆಯ ಮೇಲಿನ 1 ಸೆಂ.ಮೀ. ನಿಜದಲ್ಲಿ 12.5 ಸೆಂ.ಮೀ. ಕಾರ್ಡಿಗನ್ ಉದ್ದ ತೆರೆಯ ಮೇಲೆ 4.3, ನಿಜದಲ್ಲಿ ಸುಮಾರು 54. ಮಾಡೆಲ್ ಹೀಲ್ಸ್ ಹಾಕಿದ್ದಾಳಾ ನೋಡಿ, ಹಾಕಿದ್ದರೆ ಅಳೆಯುವಾಗ ಹಿಮ್ಮಡಿಯ ಮಟ್ಟದವರೆಗೆ ಮಾತ್ರ ಅಳೆಯಿರಿ. ಒಂದೆರಡು ಸೆಂಟಿಮೀಟರ್ ಹೆಚ್ಚುಕಡಿಮೆ ಆದರೆ ಪರವಾಗಿಲ್ಲ.

ಉಡುಪಿನ ಅಗಲವನ್ನು ಸೈಜ್ ಚಾರ್ಟ್‌ನಲ್ಲಿ ಕೊಟ್ಟಿದ್ದರು: ಹಾಸಿಟ್ಟಾಗ 56 ಸೆಂ.ಮೀ. ಈಗ ಮಜಾ ಇರುವ ಕೆಲಸ. ಬೆನ್ನಿನ ಫೋಟೋ ಹಿಗ್ಗಿಸಿ, ಬೆನ್ನಿನ ನಡುವಿನಿಂದ ಪಕ್ಕದ ಹೊಲಿಗೆವರೆಗೆ ಒಂದೇ ಸಾಲಿನ ವಿಗಳನ್ನು ಎಣಿಸಿ, ಒಂದು ವಿ ಅಂದರೆ ಒಂದು ಸ್ಟಿಚ್. ಪೆನ್ಸಿಲ್ ತುದಿ ಇಟ್ಟು ಎಣಿಸಿ, ಇಲ್ಲದಿದ್ದರೆ ಮೂವತ್ತರ ಹತ್ತಿರ ತಪ್ಪಿಹೋಗುತ್ತದೆ. ನನಗೆ 39 ಸಿಕ್ಕವು. ಪೂರ್ತಿ ಬೆನ್ನಿಗೆ 78. ಅದನ್ನು 56ರಿಂದ ಭಾಗಿಸಿದರೆ ಸೆಂಟಿಮೀಟರ್‌ಗೆ 1.4, ಅಂದರೆ 10 ಸೆಂ.ಮೀ.ಗೆ 14 ಸ್ಟಿಚ್.

ಈ 14 ಇಡೀ ಕೆಲಸದ ಬೀಗದಕೈ. ಉಲ್ಲನ್ ಎಷ್ಟು ದಪ್ಪ, ಕಡ್ಡಿ ಎಷ್ಟು ದಪ್ಪ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಉಲ್ಲನ್ ದಪ್ಪಕ್ಕೆ ಒಂದೊಂದು ಹೆಸರಿದೆ: 10 ಸೆಂ.ಮೀ.ಗೆ 21ರಿಂದ 24 ಬಂದರೆ ಡಿಕೆ, 16ರಿಂದ 20 ಬಂದರೆ ವರ್ಸ್ಟೆಡ್, 12ರಿಂದ 15 ಬಂದರೆ ಬಲ್ಕಿ, 11 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹಗ್ಗದಂಥ ಸೂಪರ್ ಬಲ್ಕಿ. ನಮ್ಮದು ಬಲ್ಕಿ.

ಫೋಟೋ ಇಷ್ಟಕ್ಕೆ ಸಾಕು. ಹಾಕಿಕೊಳ್ಳುವವರ ಅಳತೆ ಬೇರೆಯೇ ತೆಗೆಯಬೇಕು, ಮಾಡೆಲ್ ಅಳತೆಗೆ ಹೆಣೆದರೆ ಮಾಡೆಲ್‌ಗೇ ಕೊಡಬೇಕಾಗುತ್ತದೆ! ಎದೆ ಸುತ್ತಳತೆ, ಮುಂಗೈ ಸುತ್ತಳತೆ, ಮತ್ತು ಬಹಳ ಜನ ಮರೆಯುವ ಒಂದು ಅಳತೆ: ಕೈ ಪಕ್ಕಕ್ಕೆ ಚಾಚಿ ನಿಲ್ಲಿಸಿ ಬೆನ್ನಿನ ನಡುವಿನಿಂದ ಮಣಿಕಟ್ಟಿನವರೆಗೆ ಟೇಪ್ ಹಿಡಿಯುವುದು. ನಮ್ಮ ಹುಡುಗಿಗೆ ಇವು 92, 16 ಮತ್ತು 74. ಅವಳ ಹತ್ತಿರ ಸಡಿಲವಾದ, ಅವಳಿಗೆ ಇಷ್ಟವಾದ ಸ್ವೆಟ್‌ಶರ್ಟ್ ಇದ್ದರೆ ಅದನ್ನೂ ಹಾಸಿ ಅಳೆಯಿರಿ. ಹಿಂದೆ ಪ್ಯಾಟರ್ನ್ ಪುಸ್ತಕ ಇಲ್ಲದವರು ಹಳೇ ಸ್ವೆಟರನ್ನು ನ್ಯೂಸ್‌ಪೇಪರ್ ಮೇಲೆ ಹರಡಿ ಸುತ್ತ ಪೆನ್ಸಿಲ್ ಗೆರೆ ಎಳೆದು ಹೆಣೆಯುತ್ತಿದ್ದರಲ್ಲ, ಇದೂ ಅದೇ.

ಉಲ್ಲನ್ ಮತ್ತು ಕಡ್ಡಿ

ನಮ್ಮಲ್ಲಿ ಉಲ್ಲನ್ ಅಂತ ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್. ಲುಧಿಯಾನದ ವರ್ಧಮಾನ್, ಓಸ್ವಾಲ್ ಉಂಡೆಗಳನ್ನು ನೀವೂ ನೋಡಿರುತ್ತೀರಿ. ಬೆಂಗಳೂರಿನ ಚಳಿಗೆ ಅಕ್ರಿಲಿಕ್ಕೇ ಸಾಕು, ಕೆಲವು ಸಲ ಅದೇ ಜಾಸ್ತಿ. ಮಡಿಕೇರಿ, ಚಿಕ್ಕಮಗಳೂರು ಕಡೆಯವರು ಅಥವಾ ಹೊರದೇಶದ ಚಳಿಯಲ್ಲಿರುವವರು ಉಣ್ಣೆ ಬೆರೆತದ್ದು ತಗೊಳ್ಳಿ.

ಬಲ್ಕಿ ಉಲ್ಲನ್ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಸಿಕ್ಕರೂ ಬಣ್ಣ ನಾಲ್ಕೇ. ಅದಕ್ಕೆ ಸುಲಭ ದಾರಿ, ಡಿಕೆ ದಪ್ಪದ ಎರಡು ಎಳೆ ಒಟ್ಟಿಗೆ ಹಿಡಿದು ಹೆಣೆಯುವುದು. ನಾನು ಹೀಗೇ ಮಾಡಿದೆ. ಇದರಲ್ಲಿ ಇನ್ನೊಂದು ಲಾಭ ಇದೆ. ಒಂದು ಎಳೆ ಕೆನೆ, ಇನ್ನೊಂದು ತುಸು ಕಂದು ಹಿಡಿದರೆ ಬಟ್ಟೆಗೆ ಒಂಥರಾ ಆಳ ಬರುತ್ತದೆ, ದುಬಾರಿ ಉಡುಪುಗಳಲ್ಲಿ ಕಾಣುವಂಥದ್ದು.

ಕಡ್ಡಿ ನಂಬರ್ ವಿಷಯದಲ್ಲಿ ಹುಷಾರು. ನಮ್ಮ ಹಳೇ ಕಡ್ಡಿಗಳು ಬ್ರಿಟಿಷ್ ನಂಬರಿನವು, ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. ಅಮೆರಿಕದ್ದು ಇದಕ್ಕೆ ತದ್ವಿರುದ್ಧ. ಅಮ್ಮನ ಡಬ್ಬಿಯ 8ನೇ ನಂಬರ್ ಕಡ್ಡಿ 4 ಮಿ.ಮೀ. ಆದರೆ ಯೂಟ್ಯೂಬ್‌ನಲ್ಲಿ ಅಮೆರಿಕದವರು ಹೇಳುವ 8 ನಂಬರ್ 5 ಮಿ.ಮೀ. ನಂಬರ್ ಬಿಟ್ಟು ಮಿಲಿಮೀಟರನ್ನೇ ಹಿಡಿದುಕೊಳ್ಳಿ. ನಮಗೆ ಬೇಕಾದ್ದು ಮೈಗೆ 6 ಮಿ.ಮೀ., ರಿಬ್‌ಗೆ 5 ಮಿ.ಮೀ. ಬ್ರಿಟಿಷ್ ಲೆಕ್ಕದಲ್ಲಿ 4 ಮತ್ತು 6. ಬಟನ್ ಪಟ್ಟಿ ಹೆಣೆಯಲು ನಡುವೆ ಕೇಬಲ್ ಇರುವ, ಉದ್ದದ 5 ಮಿ.ಮೀ. ಸರ್ಕ್ಯುಲರ್ ಕಡ್ಡಿಯೂ ಬೇಕಾಗುತ್ತದೆ.

ಈಗ ಒಂದೇ ಒಂದು ಉಂಡೆ ತನ್ನಿ, ಎರಡು ಬಣ್ಣವಾದರೆ ಒಂದೊಂದು. ಪೂರ್ತಿ ಉಲ್ಲನ್ ಈಗಲೇ ಕೊಳ್ಳಬೇಡಿ.

ಸ್ಯಾಂಪಲ್ ತುಂಡು, ಯಾರಿಗೂ ಇಷ್ಟವಿಲ್ಲದ ಕೆಲಸ

ನನಗೂ ಇಷ್ಟವಿರಲಿಲ್ಲ. ಮೊದಲ ಸಲ ಹೆಣೆದ ಸ್ವೆಟರ್‌ಗೆ ಸ್ಯಾಂಪಲ್ ಏನೋ ಮಾಡಿದೆ, ಆದರೆ ಅದನ್ನು ಒಗೆಯಲಿಲ್ಲ. 10 ಸೆಂ.ಮೀ.ಗೆ 15 ಸ್ಟಿಚ್ ಅಂತ ಲೆಕ್ಕ ಹಾಕಿದೆ. ಸ್ವೆಟರ್ ಮುಗಿಯಿತು, ಚೆನ್ನಾಗಿತ್ತು, ಒಗೆದೆ. ಒಗೆದ ಮೇಲೆ ಉಲ್ಲನ್ ಸಡಿಲವಾಗಿ 14 ಆಯಿತು. ಒಂದೇ ಸ್ಟಿಚ್ ತಾನೇ ಅನ್ನಬೇಡಿ. ಮೈ ಸುತ್ತ 168 ಸ್ಟಿಚ್ ಇತ್ತು, 112 ಸೆಂ.ಮೀ. ಇರಬೇಕಾದ್ದು 120 ಆಯಿತು. ಮೊದಲೇ ದೊಗಲೆ ಇದ್ದದ್ದು ಇನ್ನೂ ಎಂಟು ಸೆಂಟಿಮೀಟರ್ ಹಿಗ್ಗಿತು. ಅದನ್ನು ಈಗ ನಮ್ಮನೆಯಲ್ಲಿ ಹಾಕಿಕೊಳ್ಳುವವರಿಲ್ಲ, ಅದರ ಮೇಲೆ ಮಲಗುವ ಬೆಕ್ಕಿದೆ.

ಹಾಗಾಗಿ: 6 ಮಿ.ಮೀ. ಕಡ್ಡಿಗೆ 32 ಸ್ಟಿಚ್ ಹಾಕಿ, ಎರಡು ಎಳೆ ಹಿಡಿದು, 22 ಸೆಂ.ಮೀ. ಎತ್ತರ ಬರುವವರೆಗೆ ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹೆಣೆದು ಮುಚ್ಚಿ. ಅಂಗೈಯಗಲದ ತುಂಡು ಮಾಡಿದರೆ ಅದು ಸುಳ್ಳು ಹೇಳುತ್ತದೆ, ಅಂಚಿನ ಸ್ಟಿಚ್‌ಗಳು ಯಾವಾಗಲೂ ಬಿಗಿ ಅಥವಾ ಸಡಿಲ. ಆಮೇಲೆ ನೀವು ಸ್ವೆಟರನ್ನು ಹೇಗೆ ಒಗೆಯುತ್ತೀರೋ ಹಾಗೇ ಒಗೆದು, ಹಾಸಿ, ಪೂರ್ತಿ ಒಣಗಿಸಿ. ಒಣಗಿದ ಮೇಲೆ ನಡುಭಾಗದಲ್ಲಿ ಸ್ಕೇಲ್ ಇಟ್ಟು 10 ಸೆಂ.ಮೀ.ಗೆ ಎಷ್ಟು ಸ್ಟಿಚ್, ಎಷ್ಟು ಸಾಲು ಎಣಿಸಿ. ನನಗೆ 14 ಸ್ಟಿಚ್, 20 ಸಾಲು ಬಂತು.

ನಿಮಗೆ 15 ಬಂದರೆ ನಿಮ್ಮ ಕೈ ಬಿಗಿ, ಅರ್ಧ ಮಿಲಿಮೀಟರ್ ದಪ್ಪ ಕಡ್ಡಿ ಹಿಡಿಯಿರಿ. 13 ಬಂದರೆ ಸಣ್ಣ ಕಡ್ಡಿ. ಸಂಖ್ಯೆ ಸರಿಹೋದರೂ ಬಟ್ಟೆ ಹಲಗೆಯಂತೆ ಗಟ್ಟಿಯಾಗಿದ್ದರೆ ಅದು ಸರಿಯಲ್ಲ. ತುಂಡನ್ನು ಬೆರಳಿನ ಮೇಲೆ ನೇತುಹಾಕಿ ನೋಡಿ, ಫೋಟೋದ ಕಾರ್ಡಿಗನ್ ಮೈಮೇಲೆ ಬಿದ್ದಿರುವ ರೀತಿಯಲ್ಲಿ ಇದೂ ಬೀಳುತ್ತಾ? ಎಷ್ಟೋ ಜನ ಆಕಾರವನ್ನು ಸರಿಯಾಗಿ ಹೆಣೆದು ಬಟ್ಟೆಯಲ್ಲಿ ಸೋಲುತ್ತಾರೆ. ಗಟ್ಟಿ ಬಟ್ಟೆಯಲ್ಲಿ ಬಲೂನ್ ತೋಳು ಹೆಣೆದರೆ ಬಲೂನ್ ಆಗುವುದಿಲ್ಲ, ಲ್ಯಾಂಪ್‌ಶೇಡ್ ಆಗುತ್ತದೆ. ಹಾಗಿದ್ದರೆ ಉಲ್ಲನ್ನೇ ಬದಲಿಸಿ, ಈಗಿನ್ನೂ ಒಂದೇ ಉಂಡೆ ಖರ್ಚಾಗಿರುವುದು. ತುಂಡನ್ನು ಅಂಗೈಯಲ್ಲಿ ಒಂದು ನಿಮಿಷ ಉಜ್ಜಿಯೂ ನೋಡಿ. ಗಂಟುಗಂಟು ಎದ್ದರೆ ಕಾರ್ಡಿಗನ್‌ನ ಕಂಕುಳಲ್ಲೂ ಹಾಗೇ ಏಳುತ್ತದೆ.

ಒಟ್ಟು ಎಷ್ಟು ಉಲ್ಲನ್ ಬೇಕು ಅಂತಲೂ ಇದೇ ತುಂಡು ಹೇಳುತ್ತದೆ. ಅಡುಗೆಮನೆ ತಕ್ಕಡಿಯ ಮೇಲೆ ತೂಗಿ, ಗ್ರಾಂಗಳನ್ನು ತುಂಡಿನ ವಿಸ್ತೀರ್ಣದಿಂದ ಭಾಗಿಸಿ. ನನ್ನದು 20 ಸೆಂ.ಮೀ. ಚೌಕಕ್ಕೆ, ಅಂದರೆ 400 ಚದರ ಸೆಂ.ಮೀ.ಗೆ, 24 ಗ್ರಾಂ ಬಿತ್ತು. ಬೆನ್ನು, ಎರಡು ಮುಂಭಾಗ, ಎರಡು ತೋಳು, ಪಟ್ಟಿ ಎಲ್ಲದರ ಉದ್ದ ಅಗಲ ಗುಣಿಸಿ ಕೂಡಿದಾಗ ಸುಮಾರು 10,900 ಚದರ ಸೆಂ.ಮೀ. ಅಂದರೆ 654 ಗ್ರಾಂ. ಕೈಯಲ್ಲಿ ಸ್ವಲ್ಪ ಜಾಸ್ತಿ ಇರಲಿ ಅಂತ 800 ಗ್ರಾಂ ತಂದೆ. ಎಲ್ಲ ಉಂಡೆಗಳ ಮೇಲೂ ಒಂದೇ ಲಾಟ್ ನಂಬರ್ ಇದೆಯಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ. ಟ್ಯೂಬ್‌ಲೈಟ್ ಕೆಳಗೆ ಒಂದೇ ಬಣ್ಣ ಅನಿಸಿದ್ದು ಮನೆಗೆ ಬಂದು ಬಿಸಿಲಲ್ಲಿ ನೋಡಿದರೆ ಎರಡಾಗಿರುತ್ತದೆ.

ಈಗ ಲೆಕ್ಕ

ನೋಟ್‌ಬುಕ್, ಫೋನಿನ ಕ್ಯಾಲ್ಕುಲೇಟರ್, ಒಂದು ಲೋಟ ಕಾಫಿ. ಒಂದು ಸೆಂಟಿಮೀಟರ್‌ಗೆ 1.4 ಸ್ಟಿಚ್, 2 ಸಾಲು. ನಿಮ್ಮ ಸಂಖ್ಯೆ ಬೇರೆ ಬಂದಿದ್ದರೆ ಅದನ್ನೇ ಹಾಕಿ.

ಸುತ್ತಳತೆ: ಎದೆ 92, ಸಡಿಲಕ್ಕೆ 20, ಒಟ್ಟು 112. ಈ 20 ಎಲ್ಲಿಂದ ಬಂತು ಅಂದರೆ, ಸೈಜ್ ಚಾರ್ಟ್‌ನ 56ರ ಎರಡರಷ್ಟು 112 ಆಗುತ್ತದಲ್ಲ, ಅದರಿಂದ. ಫೋಟೋದಷ್ಟೇ ದೊಗಲೆ ಬೇಡ ಅನ್ನುವವರು 12ಕ್ಕೆ ಇಳಿಸಬಹುದು.

ಬೆನ್ನು: 56 ಗುಣಿಸು 1.4, ಅಂದರೆ 78. ಎರಡೂ ಪಕ್ಕದ ಹೊಲಿಗೆಗೆ ಒಂದೊಂದು ಸ್ಟಿಚ್ ಒಳಗೆ ಹೋಗುತ್ತದೆ, ಹಾಗಾಗಿ 80. ಆದರೆ ಎರಡು-ಎರಡು ರಿಬ್‌ಗೆ ನಾಲ್ಕರ ಮಗ್ಗಿ ಮತ್ತು ಮೇಲೆ ಎರಡು ಬೇಕು. ಎರಡು ಸೀದಾದಿಂದ ಶುರುವಾಗಿ ಎರಡು ಸೀದಾದಲ್ಲೇ ಮುಗಿದರೆ, ಹೊಲಿಯುವಾಗ ಆ ಕಡೆ ಒಂದು ಈ ಕಡೆ ಒಂದು ಒಳಗೆ ಹೋಗಿ ಉಳಿದ ಎರಡು ಸೇರಿ ಒಂದು ಪೂರ್ತಿ ಕಂಬ ಆಗುತ್ತದೆ, ಹೊಲಿಗೆ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಹಾಗಾಗಿ 82.

ಮುಂಭಾಗ ಒಂದೊಂದಕ್ಕೆ: ಹೊಲಿದ ಮೇಲೆ ಬೆನ್ನು 57 ಸೆಂ.ಮೀ. ಬರುತ್ತದೆ. ಅದರಲ್ಲಿ ಬಟನ್ ಪಟ್ಟಿಗೆ 4 ಕಳೆದು ಎರಡು ಭಾಗ ಮಾಡಿದರೆ 26.5. ಸ್ಟಿಚ್ ಲೆಕ್ಕದಲ್ಲಿ 37, ಅಂಚುಗಳಿಗೆ 2 ಸೇರಿಸಿ 39. ರಿಬ್ ಲೆಕ್ಕಕ್ಕೆ ಹತ್ತಿರದ್ದು 38.

ಕುತ್ತಿಗೆ: ಹಿಂದೆ ಸುಮಾರು 18 ಸೆಂ.ಮೀ., 26 ಸ್ಟಿಚ್. 82ರಲ್ಲಿ 26 ಹೋದರೆ 56, ಭುಜಕ್ಕೆ 28-28. ಮುಂಭಾಗದ 38 ಭುಜ ತಲುಪುವಷ್ಟರಲ್ಲಿ 28 ಆಗಬೇಕು, ಅಂದರೆ ವಿ ಕುತ್ತಿಗೆಗೆ 10 ಸ್ಟಿಚ್ ಇಳಿಸಬೇಕು. ವಿ ಎಷ್ಟು ಆಳ? ಫೋಟೋದಲ್ಲಿ ಭುಜದಿಂದ 24 ಸೆಂ.ಮೀ. ಕೆಳಗೆ, 48 ಸಾಲು. ನಾಲ್ಕು ಸಾಲಿಗೊಂದರಂತೆ ಹತ್ತು ಸಲ ಇಳಿಸಿದರೆ 40 ಸಾಲು, ಉಳಿದ ಎಂಟು ಸಾಲು ಸುಮ್ನೆ ನೇರ.

ಉದ್ದ: 54ರಲ್ಲಿ ರಿಬ್ 7, ಮೇಲಿನ 47ಕ್ಕೆ 94 ಸಾಲು.

ತೋಳು: ಇಲ್ಲೇ ಎಲ್ಲರೂ ಎಡವುವುದು. ಡ್ರಾಪ್ ಶೋಲ್ಡರ್‌ನಲ್ಲಿ ಮೈಯ ಬಟ್ಟೆಯೇ ತೋಳಿನ ಮೇಲೆ ಇಳಿದಿರುವುದರಿಂದ ತೋಳು ಮಾಮೂಲಿಗಿಂತ ಗಿಡ್ಡ ಇರಬೇಕು. ಬೆನ್ನಿನ ನಡುವಿನಿಂದ ಮಣಿಕಟ್ಟಿಗೆ 74 ಇತ್ತಲ್ಲ, ಅದರಲ್ಲಿ ಅರ್ಧ ಬೆನ್ನು 28.5 ಕಳೆದರೆ 45.5. ಬಲೂನ್ ಉಬ್ಬಿ ಜೋತುಬೀಳಲು 3 ಸೇರಿಸಿ 48.5. ಮುಂಗೈ ರಿಬ್ 6 ಹೋದರೆ 42.5, ಅಂದರೆ 85 ಸಾಲು. ಮೇಲ್ಭಾಗದ ಅಗಲ 44 ಸೆಂ.ಮೀ. (ಭುಜದಿಂದ ಕೆಳಗೆ ಮುಂದೆ 22, ಹಿಂದೆ 22), ಹೊಲಿಗೆ ಸೇರಿ 64 ಸ್ಟಿಚ್. ಮುಂಗೈ 16ಕ್ಕೆ ಸಡಿಲ 4 ಸೇರಿಸಿ 20 ಸೆಂ.ಮೀ., ಹೊಲಿಗೆ ಸೇರಿ 30 ಸ್ಟಿಚ್. 30 ರಿಬ್ ಲೆಕ್ಕಕ್ಕೂ ಸರಿಯಾಗಿ ಕೂತಿತು. ಲೆಕ್ಕ ಹೀಗೆ ತಾನಾಗೇ ಕೂತಾಗ ಆಗುವ ಖುಷಿಯೇ ಬೇರೆ.

ಹೆಣಿಗೆ

ಬೆನ್ನಿನಿಂದ ಶುರು ಮಾಡಿ, ತಪ್ಪಾದರೂ ಮುಂದೆ ಕಾಣುವುದಿಲ್ಲ. 5 ಮಿ.ಮೀ. ಕಡ್ಡಿಗೆ 82 ಸ್ಟಿಚ್, 7 ಸೆಂ.ಮೀ. ರಿಬ್. ಕಡ್ಡಿ 6 ಮಿ.ಮೀ.ಗೆ ಬದಲಿಸಿ 50 ಸಾಲು ಹೆಣೆದು ಎರಡೂ ಅಂಚಿಗೆ ಬೇರೆ ಬಣ್ಣದ ದಾರ ಕಟ್ಟಿ. ತೋಳು ಸೇರುವ ಜಾಗ ಇದು, ಅಲ್ಲಿಂದ ಭುಜಕ್ಕೆ 44 ಸಾಲು, 22 ಸೆಂ.ಮೀ. ದಾರ ಕಟ್ಟುವುದನ್ನು ಮರೆತರೆ ಆಮೇಲೆ ಎಣಿಸಿ ಎಣಿಸಿ ಕಣ್ಣು ಉರಿಯುತ್ತದೆ. 88 ಸಾಲಿನವರೆಗೆ ನೇರ ಹೋಗಿ.

ಕೊನೆಯ ಆರು ಸಾಲಿನಲ್ಲಿ ಭುಜದ ಇಳಿಜಾರು: ಪ್ರತಿ ಸಾಲಿನ ಶುರುವಿನಲ್ಲಿ 9, 9, 9, 9, 10, 10 ಸ್ಟಿಚ್ ಮುಚ್ಚುತ್ತಾ ಹೋಗಿ. ಉಳಿದ 26ನ್ನೂ ಮುಚ್ಚಿ, ಅದು ಕುತ್ತಿಗೆ. ಇಳಿಜಾರು ಇಲ್ಲದೆ ಒಂದೇ ಸಲ ಮುಚ್ಚಿದರೂ ನಡೆಯುತ್ತದೆ, ಆದರೆ ಹಾಕಿಕೊಂಡಾಗ ಕುತ್ತಿಗೆ ಹಿಂದೆ ಬಟ್ಟೆ ಗುಡ್ಡೆಯಾಗುತ್ತದೆ. ನಮ್ಮ ಭುಜಗಳು ಇಳಿಜಾರು ಇವೆ ತಾನೇ?

ಮುಂಭಾಗಗಳಿಗೆ 38 ಸ್ಟಿಚ್. ರಿಬ್ ಆದ ಮೇಲೆ 46 ಸಾಲು ನೇರ, ಅಲ್ಲಿಂದ ಕುತ್ತಿಗೆ ಕಡೆ ನಾಲ್ಕು ಸಾಲಿಗೊಮ್ಮೆ ಒಂದು ಸ್ಟಿಚ್ ಇಳಿಸಿ. ಅಂಚಿನ ಒಂದು ಸ್ಟಿಚ್ ಬಿಟ್ಟು ಒಳಗಿನ ಎರಡನ್ನು ಸೇರಿಸಿ ಹೆಣೆಯಿರಿ, ಅಂಚು ನೀಟಾಗಿ ಉಳಿದು ಪಟ್ಟಿ ಎತ್ತಿಕೊಳ್ಳಲು ಸುಲಭ. ಇಲ್ಲೂ 50ನೇ ಸಾಲಿಗೆ ದಾರ, ಕೊನೆಗೆ ತೋಳಿನ ಕಡೆಯಿಂದ 9, 9, 10. ಎರಡನೇ ಮುಂಭಾಗ ಕನ್ನಡಿಯಲ್ಲಿ ಕಂಡ ಹಾಗೆ ಇರಬೇಕು. ಎರಡನ್ನೂ ಒಂದೇ ದಿಕ್ಕಿಗೆ ಹೆಣೆದು ಎರಡು ಎಡಭಾಗ ಮಾಡಿಕೊಂಡವಳು ನಾನೊಬ್ಬಳೇ ಅಲ್ಲ ಅಂದುಕೊಂಡಿದ್ದೇನೆ.

ತೋಳಿಗೆ 5 ಮಿ.ಮೀ.ನಲ್ಲಿ 30 ಸ್ಟಿಚ್, 6 ಸೆಂ.ಮೀ. ರಿಬ್. ಕಡ್ಡಿ ಬದಲಿಸಿದ ಮೊದಲ ಸಾಲಿನಲ್ಲೇ ಪ್ರತಿ ಸ್ಟಿಚ್‌ನ ಮುಂದೊಮ್ಮೆ ಹಿಂದೊಮ್ಮೆ ಹೆಣೆದು ಎರಡು ಮಾಡಿ, 30 ಇದ್ದದ್ದು 60 ಆಗುತ್ತದೆ. ಬಲೂನಿನ ಗುಟ್ಟು ಇಷ್ಟೇ. ಬೇಕಾದ ಉಳಿದ 4ನ್ನು ಮುಂದೆ 20ನೇ ಸಾಲಿನಲ್ಲಿ ಎರಡೂ ಅಂಚಿಗೆ ಒಂದೊಂದು, 40ನೇ ಸಾಲಿನಲ್ಲಿ ಮತ್ತೆ ಒಂದೊಂದು ಹೆಚ್ಚಿಸಿ. 85 ಸಾಲು ಆದಾಗ ಸಡಿಲವಾಗಿ ಮುಚ್ಚಿ. ಬಲೂನ್ ಬೇಡ, ಮಾಮೂಲಿ ತೋಳು ಸಾಕು ಅನ್ನುವವರು 34 ಸ್ಟಿಚ್‌ಗಳನ್ನು ಹಂಚಿ ಹೆಚ್ಚಿಸಬೇಕು: ನಾಲ್ಕು ಸಾಲಿಗೊಮ್ಮೆ ಎರಡೂ ಅಂಚಿಗೆ ಒಂದೊಂದು, ಹದಿನೇಳು ಸಲ. ಆಗ ಜೋತುಬೀಳುವ 3 ಸೆಂ.ಮೀ. ಬೇಡ, ಕೊನೆಗೆ ಆರು ಸಾಲು ಬಿಡಿ.

ಎರಡೂ ತೋಳನ್ನು ಒಟ್ಟಿಗೆ, ಒಂದೇ ಕಡ್ಡಿಯಲ್ಲಿ ಬೇರೆ ಬೇರೆ ಉಂಡೆಯಿಂದ ಹೆಣೆದರೆ ಉದ್ದ ಹೆಚ್ಚುಕಡಿಮೆ ಆಗುವ ಭಯವಿಲ್ಲ. ಎರಡು ಎಳೆಯ ಉಲ್ಲನ್‌ನಲ್ಲಿ ಹೀಗೆ ಮಾಡಿದರೆ ನಾಲ್ಕು ಉಂಡೆ ಸಿಕ್ಕಾಗಿ ಕೂರುತ್ತವೆ. ನಾನು ಒಂದಾದ ಮೇಲೆ ಒಂದು ಹೆಣೆದೆ, ಸಾಲುಗಳನ್ನು ಚೀಟಿಯಲ್ಲಿ ಗೀಟು ಹಾಕಿ ಎಣಿಸಿದೆ.

ಒದ್ದೆ ಮಾಡಿ, ಹಾಸಿ, ಜೋಡಿಸಿ

ಐದೂ ತುಂಡುಗಳು ಈಗ ಸುರುಳಿ ಸುತ್ತಿಕೊಂಡು ನೋಡಲು ಅಷ್ಟಕ್ಕಷ್ಟೇ ಇರುತ್ತವೆ. ಗಾಬರಿ ಬೇಡ. ಉಗುರುಬೆಚ್ಚನೆಯ ನೀರಲ್ಲಿ ಅರ್ಧ ಗಂಟೆ ನೆನೆಹಾಕಿ. ಹಿಂಡಬೇಡಿ, ಟವೆಲ್‌ನಲ್ಲಿ ಚಾಪೆಯಂತೆ ಸುತ್ತಿ ಮೇಲೆ ನಿಂತುಕೊಳ್ಳಿ, ನೀರೆಲ್ಲ ಟವೆಲ್‌ಗೆ ಹೋಗುತ್ತದೆ. ಹಾಸಿಗೆ ಅಥವಾ ಯೋಗ ಮ್ಯಾಟ್ ಮೇಲೆ ಹರಡಿ, ಚಿತ್ರದಲ್ಲಿ ಬರೆದ ಅಳತೆಗೆ ಎಳೆದು ಗುಂಡುಪಿನ್ ಚುಚ್ಚಿ. ತುಕ್ಕು ಹಿಡಿಯದ ಪಿನ್ ಇರಲಿ. ರಿಬ್ ಭಾಗವನ್ನು ಮಾತ್ರ ಎಳೆಯಬೇಡಿ, ಅದು ಕುಗ್ಗಿಯೇ ಇರಬೇಕು. ಹಗ್ಗದ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ಒಂದು ಗೇಣು ಉದ್ದವಾಗುತ್ತದೆ.

ಇಸ್ತ್ರಿ ಪೆಟ್ಟಿಗೆಯನ್ನು ಅಕ್ರಿಲಿಕ್ ಹತ್ತಿರ ತರಲೇಬೇಡಿ. ಬಿಸಿ ತಾಗಿದರೆ ನೂಲಿನ ಜೀವ ಹೋಗಿ ಬಟ್ಟೆ ಬಾಡಿದ ಸೊಪ್ಪಿನಂತೆ ಜೋಲುತ್ತದೆ, ಮತ್ತೆ ಸರಿಹೋಗುವುದಿಲ್ಲ. ಮಳೆಗಾಲದಲ್ಲಿ ಒಣಗಲು ಎರಡು ದಿನ ಬೇಕು, ಫ್ಯಾನ್ ಹಾಕಿ.

ಹೊಲಿಯುವ ಕ್ರಮ: ಮೊದಲು ಎರಡು ಭುಜ. ಆಮೇಲೆ ತೋಳಿನ ಮೇಲಂಚಿನ ನಡುವನ್ನು ಭುಜದ ಹೊಲಿಗೆಗೆ ಪಿನ್ ಮಾಡಿ, ಎರಡು ತುದಿಗಳನ್ನು ನೀವು ಕಟ್ಟಿದ ದಾರಗಳಿಗೆ ಪಿನ್ ಮಾಡಿ. ಮೈ ಕಡೆ 88 ಸಾಲು ಇದೆ, ತೋಳಿನ ಕಡೆ 62 ಸ್ಟಿಚ್. ಒಂದಕ್ಕೊಂದು ಸೇರಿಸಿದರೆ ಸುಕ್ಕಾಗುತ್ತದೆ, ಹತ್ತು ಸಾಲಿಗೆ ಏಳು ಸ್ಟಿಚ್ ಲೆಕ್ಕದಲ್ಲಿ ಹೊಲಿಯಿರಿ. ಕೊನೆಗೆ ಮುಂಗೈಯಿಂದ ಕಂಕುಳು, ಅಲ್ಲಿಂದ ಸೊಂಟದವರೆಗೆ ಒಂದೇ ಉದ್ದ ಹೊಲಿಗೆ. ಒಂದೇ ಎಳೆಯಲ್ಲಿ ಹೊಲಿಯಿರಿ, ಎರಡೆಳೆಯಾದರೆ ಹೊಲಿಗೆ ದಪ್ಪವಾಗಿ ಒತ್ತುತ್ತದೆ.

ಪಟ್ಟಿ ಮತ್ತು ಬಟನ್

ಬಟನ್ ಮೊದಲು ತನ್ನಿ, ತೂತು ಆಮೇಲೆ. ನಾನು ಚಿಕ್ಕಪೇಟೆಯಲ್ಲಿ ಸಾಲಾಗಿರುವ ಲೇಸ್-ಬಟನ್ ಅಂಗಡಿಗಳಿಗೆ ಸ್ಯಾಂಪಲ್ ತುಂಡು ಹಿಡಿದುಕೊಂಡೇ ಹೋಗಿ ಬಣ್ಣ ಹೊಂದಿಸಿ ತಂದೆ, 25 ಮಿ.ಮೀ. ಅಗಲದ್ದು, ಮರದ ಬಣ್ಣ.

ಸರ್ಕ್ಯುಲರ್ ಕಡ್ಡಿಯಲ್ಲಿ ಬಲ ಮುಂಭಾಗದ ಕೆಳಗಿನಿಂದ ಶುರು ಮಾಡಿ, ಕುತ್ತಿಗೆ ಹಿಂದೆ ಸುತ್ತಿ, ಎಡ ಮುಂಭಾಗದ ಕೆಳಗಿನವರೆಗೆ ಅಂಚಿನಿಂದ ಸ್ಟಿಚ್ ಎತ್ತಿಕೊಳ್ಳಿ. ನಾಲ್ಕು ಸಾಲಿಗೆ ಮೂರು ಸ್ಟಿಚ್. ಹೆಚ್ಚು ಎತ್ತಿದರೆ ಪಟ್ಟಿ ಅಲೆಅಲೆಯಾಗುತ್ತದೆ, ಕಡಿಮೆಯಾದರೆ ಕಾರ್ಡಿಗನ್ ಮುಂದೆ ಮೇಲಕ್ಕೆ ಎಳೆದಂತಾಗುತ್ತದೆ. ನನ್ನ ಲೆಕ್ಕ: ನೇರ ಭಾಗದಲ್ಲಿ 45, ವಿ ಓರೆಯಲ್ಲಿ 36, ಕುತ್ತಿಗೆ ಹಿಂದೆ 26, ಮತ್ತೆ 36, ಮತ್ತೆ 45. ಒಟ್ಟು 188, ರಿಬ್‌ಗಾಗಿ ಎರಡು ಜಾಸ್ತಿ ಎತ್ತಿ 190.

ಪಟ್ಟಿ 2 ಸೆಂ.ಮೀ. ಆದಾಗ ಬಟನ್ ತೂತು. ಹೆಂಗಸರ ಉಡುಪಿಗೆ ಬಲಗಡೆ, ಗಂಡಸರದ್ದಕ್ಕೆ ಎಡಗಡೆ. ಕೆಳಗಿನಿಂದ 2 ಸೆಂ.ಮೀ.ಗೆ ಮೊದಲನೆಯದು, ಅಲ್ಲಿಂದ 6.5 ಸೆಂ.ಮೀ.ಗೊಂದು, ಐದನೆಯದು 28ಕ್ಕೆ, ವಿ ಶುರುವಾಗುವ ಜಾಗದ ಸ್ವಲ್ಪ ಕೆಳಗೆ ಬರುತ್ತದೆ. ಒಂದು ಸಾಲಿನಲ್ಲಿ 2 ಸ್ಟಿಚ್ ಮುಚ್ಚಿ, ಮುಂದಿನ ಸಾಲಿನಲ್ಲಿ ಅದೇ ಜಾಗದಲ್ಲಿ 2 ಹೊಸದಾಗಿ ಹಾಕಿ. ಬಟನ್ ತೂರಿಸಿ ನೋಡಿ, ಕಷ್ಟಪಟ್ಟು ಹೋಗಬೇಕು. ಸಲೀಸಾಗಿ ಹೋದರೆ ಸಲೀಸಾಗಿ ಹೊರಗೂ ಬರುತ್ತದೆ. ಪಟ್ಟಿ 4 ಸೆಂ.ಮೀ. ಆದ ಮೇಲೆ ರಿಬ್ ಕ್ರಮದಲ್ಲೇ ಮುಚ್ಚಿ. ಬಟನ್ ಹೊಲಿಯಲು ಉಲ್ಲನ್ ಬೇಡ, ಮಾಮೂಲಿ ಹೊಲಿಗೆ ದಾರ ಎರಡೆಳೆ ಸಾಕು. ಬಟ್ಟೆ ಹಿಂದೆ ಒಂದು ಪುಟ್ಟ ಚಪ್ಪಟೆ ಬಟನ್ ಇಟ್ಟು ಹೊಲಿದರೆ ಉಲ್ಲನ್ ಜಗ್ಗುವುದಿಲ್ಲ.

ಹೀಗೆ ನೋಡಿ ಹೆಣೆದದ್ದನ್ನು ನೀವು ಹಾಕಿಕೊಳ್ಳಿ, ಮನೆಯವರಿಗೆ ಕೊಡಿ. ಆ ಬ್ರ್ಯಾಂಡ್ ಹೆಸರು ಹೇಳಿಕೊಂಡು ಮಾರಲು ಮಾತ್ರ ಹೋಗಬೇಡಿ.

ಬೇರೆ ಅಳತೆಗೆ

ಹುಡುಗಿ ಹಾಕಿಕೊಂಡು ಫೋಟೋ ಕಳಿಸಿದ ಎರಡನೇ ದಿನ ಅಕ್ಕನ ಫೋನ್. "ಅವಳಿಗೆ ಮಾತ್ರಾನಾ?" ಅಕ್ಕನ ಎದೆ ಸುತ್ತಳತೆ 104. ನೋಟ್‌ಬುಕ್ ತೆಗೆದೆ. 104ಕ್ಕೆ 20 ಸೇರಿಸಿ 124. ಬೆನ್ನು 62 ಸೆಂ.ಮೀ., ರಿಬ್ ಲೆಕ್ಕಕ್ಕೆ 90 ಸ್ಟಿಚ್. ಮುಂಭಾಗ 42. ಕುತ್ತಿಗೆ ಅದೇ 26, ಭುಜ 32-32, ವಿಗೆ ಇಳಿಸುವುದು ಅದೇ 10. ಉದ್ದ ಬೇಕಿದ್ದರೆ ಕಂಕುಳ ಕೆಳಗೆ ಸೇರಿಸಬಹುದು, ಸೆಂಟಿಮೀಟರ್‌ಗೆ ಎರಡು ಸಾಲು. ಬೆನ್ನು ಆರು ಸೆಂ.ಮೀ. ಹೆಚ್ಚು ಅಗಲವಾದ್ದರಿಂದ ಹೊಲಿಗೆ ತೋಳಿನ ಮೇಲೆ ಇನ್ನೂ 3 ಸೆಂ.ಮೀ. ಕೆಳಗೆ ಇಳಿಯುತ್ತದೆ. ಅಕ್ಕನದೂ ಮಗಳಷ್ಟೇ ಉದ್ದದ ಕೈ, ಹಾಗಾಗಿ ತೋಳಿನಲ್ಲಿ ಆರು ಸಾಲು ಕಡಿಮೆ. ಉಲ್ಲನ್ 900 ಗ್ರಾಂ ಬೇಕು, ಬಣ್ಣ ಅವಳೇ ಆರಿಸಲಿ ಅಂತ ಹೇಳಿದ್ದೇನೆ. ಮೂರು ವಾರದಿಂದ ಆರಿಸುತ್ತಿದ್ದಾಳೆ.